ವರ್ಷಕ್ಕೆ 15 ಗಂಟೆ: ಅಮೆರಿಕದಲ್ಲಿ ಸರ್ವೇಯರ್ ಲೈಸೆನ್ಸ್ ಉಳಿಸಿಕೊಳ್ಳುವ ಓದು

ಪ್ರಶ್ನೆ: ನಮ್ಮೂರು ಹಾಸನದ ಹತ್ತಿರ. ಹಲವು ವರ್ಷಗಳಿಂದ ಅಮೆರಿಕದ ನಾರ್ತ್ ಕ್ಯಾರೊಲೈನಾದ ಷಾರ್ಲೆಟ್‌ನಲ್ಲಿ ಸರ್ವೆ ಕಂಪನಿಯೊಂದರಲ್ಲಿದ್ದೇನೆ. ಈ ವರ್ಷ ಏಪ್ರಿಲ್‌ನಲ್ಲಿ ಪಿಎಲ್‌ಎಸ್ (ಪ್ರೊಫೆಷನಲ್ ಲ್ಯಾಂಡ್ ಸರ್ವೇಯರ್) ಲೈಸೆನ್ಸ್ ಬಂತು. ಡಿಸೆಂಬರ್‌ಗೆ ರಿನ್ಯೂವಲ್. ವರ್ಷಕ್ಕೆ 15 ಪಿಡಿಎಚ್ (ವೃತ್ತಿ ಕಲಿಕೆಯ ಗಂಟೆ) ಬೇಕಂತೆ. "ಒಂದು ಶನಿವಾರ ಕೂತು ಆನ್‌ಲೈನ್‌ನಲ್ಲಿ ಒತ್ತಿ ಮುಗಿಸಿಬಿಡು" ಅಂತಾರೆ ಆಫೀಸಿನವರು. ಅದು ಸರಿಯೇ? ರಜಕ್ಕೆ ಊರಿಗೆ ಹೋಗುವವನಿದ್ದೇನೆ, ಅಲ್ಲಿ ಡ್ರೋನ್ ಸರ್ವೆ ಕೋರ್ಸ್ ಮಾಡಿದರೆ ಲೆಕ್ಕಕ್ಕೆ ಬರುತ್ತದೆಯೇ? ಸೌತ್ ಕ್ಯಾರೊಲೈನಾ ಲೈಸೆನ್ಸಿಗೂ ಅರ್ಜಿ ಹಾಕಬೇಕೆಂದಿದ್ದೇನೆ. ಇನ್ನೊಂದು ಮಾತು: ನನ್ನ ಚಿಕ್ಕಪ್ಪನ ಮಗ ಊರಲ್ಲಿ ಲೈಸೆನ್ಸ್ಡ್ ಸರ್ವೇಯರ್. ಅವನಿಗೆ ಈ ಗಂಟೆ ಲೆಕ್ಕದ ರಗಳೆಯೇ ಇಲ್ಲ. ನಮಗೇಕೆ?

ಉತ್ತರ:

ಮೊದಲು ಡಿಸೆಂಬರ್ ಚಿಂತೆ ಇಳಿಸಿಬಿಡೋಣ. ನಾರ್ತ್ ಕ್ಯಾರೊಲೈನಾದಲ್ಲಿ ಹೊಸದಾಗಿ ಲೈಸೆನ್ಸ್ ಪಡೆದವರಿಗೆ ಮೊದಲ ರಿನ್ಯೂವಲ್‌ಗೆ ಪಿಡಿಎಚ್ ವಿನಾಯಿತಿ ಇದೆ. ಈ ಸಲ ಡಿಸೆಂಬರ್ 31ರೊಳಗೆ ಅರ್ಜಿ ತುಂಬಿ ಶುಲ್ಕ ಕಟ್ಟಿದರೆ ಆಯಿತು. ನಿಮ್ಮ 15 ಗಂಟೆಯ ಲೆಕ್ಕ ಮುಂದಿನ ಜನವರಿಯಿಂದ ಶುರು. ಆಮೇಲೆ ಯಾವ ವರ್ಷವಾದರೂ 15ಕ್ಕಿಂತ ಹೆಚ್ಚು ಮಾಡಿದರೆ, ಹೆಚ್ಚಾದದ್ದರಲ್ಲಿ 15 ಗಂಟೆಯವರೆಗೆ ಮುಂದಿನ ವರ್ಷಕ್ಕೆ ಒಯ್ಯಬಹುದು. ಅದರ ಮೇಲಿನದು ಹೋದಂತೆಯೇ.

ಪಿಡಿಎಚ್ ಅಂದರೆ ಹೆಸರಿಗೆ ಒಂದು ಗಂಟೆ, ನಿಜವಾಗಿ 50 ನಿಮಿಷದ ಪಾಠ. ಕಾಲೇಜಿನ ಒಂದು ಸೆಮಿಸ್ಟರ್ ಕ್ರೆಡಿಟ್‌ಗೆ 45 ಪಿಡಿಎಚ್ ಲೆಕ್ಕ. ಅಂದರೆ ಕಮ್ಯುನಿಟಿ ಕಾಲೇಜಿನಲ್ಲಿ ಮೂರು ಕ್ರೆಡಿಟ್ಟಿನ ಒಂದು ಪೇಪರ್ ತೆಗೆದುಕೊಂಡರೆ 135 ಆಯಿತು. ಕೇಳಿದರೆ ಬಾಯಲ್ಲಿ ನೀರೂರುತ್ತದೆ, ಆದರೆ ಆ ವರ್ಷಕ್ಕೆ 15, ಮುಂದಿನ ವರ್ಷಕ್ಕೆ 15, ಉಳಿದ 105 ಗಂಟೆಗೆ ಬೆಲೆಯಿಲ್ಲ. ಗಂಟೆಯ ಆಸೆಗೆ ಕಾಲೇಜು ಸೇರಬೇಡಿ, ಕಲಿಯಬೇಕೆನಿಸಿದರೆ ಸೇರಿ. ನೀವೇ ಒಂದು ವಿಷಯವನ್ನು ಮೊದಲ ಸಲ ಪಾಠ ಮಾಡಿದರೆ ಎರಡರಷ್ಟು ಸಿಗುತ್ತದೆ. ಅದೇ ಪಾಠವನ್ನು ಮರುವರ್ಷ ಒಪ್ಪಿಸಿದರೆ ಸಿಗುವುದಿಲ್ಲ. ದಿನದ ಕೆಲಸ ಲೆಕ್ಕಕ್ಕಿಲ್ಲ. ಉಪಕರಣ ಮಾರುವವರು ಹೊಸ ರೋವರ್ (ಜಿಪಿಎಸ್ ಅಳತೆಯ ಯಂತ್ರ) ತಂದು ತೋರಿಸಿ, ಮಧ್ಯಾಹ್ನದ ಊಟ ಹಾಕಿ ಕಳಿಸುವ ಕಾರ್ಯಕ್ರಮಗಳನ್ನೂ ನಂಬಿಕೊಳ್ಳಬೇಡಿ.

ಈಗ ಶನಿವಾರದ ಮಾತು. ನಿಯಮದ ಪ್ರಕಾರ ತಪ್ಪೇನಿಲ್ಲ. ಲೈಸೆನ್ಸ್ ಕೊಡುವ ರಾಜ್ಯದ ಬೋರ್ಡ್ ಒಪ್ಪುವ ಸಂಸ್ಥೆಯ ಕೋರ್ಸ್ ಆಗಿದ್ದು, ಸರ್ಟಿಫಿಕೇಟ್ ಸರಿಯಿದ್ದರೆ ಒಂದು ಶನಿವಾರ ಒಂದು ಭಾನುವಾರದಲ್ಲಿ 15 ಗಂಟೆ ಮುಗಿಯುತ್ತದೆ. ಪುಟ ತಿರುಗಿಸುತ್ತಾ ಹೋಗಿ, ಕೊನೆಯ ಪ್ರಶ್ನೆಗಳಿಗೆ ಮೇಲಿನ ಪುಟದಲ್ಲೇ ಉತ್ತರ ಹುಡುಕಿ ಟಿಕ್ ಹಾಕುವ ಕೋರ್ಸುಗಳು ಬೇಕಾದಷ್ಟಿವೆ. ನನ್ನ ಅಭಿಪ್ರಾಯ ಬೇರೆ. ನಿಮ್ಮ ಸೀಲು ಬಿದ್ದ ನಕ್ಷೆಯ ಮೇಲೆ ನಾಳೆ ಪಕ್ಕದ ಜಾಗದವನು ಕೋರ್ಟಿಗೆ ಹೋದರೆ, ಅವನ ವಕೀಲ ಕೇಳುವುದು ಎಷ್ಟು ಗಂಟೆ ಮಾಡಿದ್ದೀರಿ ಎಂದಲ್ಲ. "ಈ ಕಬ್ಬಿಣದ ಪೈಪನ್ನು ಬಿಟ್ಟು ಆ ಪೈಪನ್ನೇ ಮೂಲೆ ಅಂತ ಯಾಕೆ ಹಿಡಿದಿರಿ" ಎಂದು ಕೇಳುತ್ತಾನೆ. ಆದ್ದರಿಂದ ನೀವು ಯಾವುದಕ್ಕೆ ಸಹಿ ಹಾಕುತ್ತೀರೋ ಅದರಲ್ಲಿ ಎಲ್ಲಿ ಎಡವಬಹುದು ಎಂದು ನೋಡಿ, ಗಂಟೆಗಳನ್ನು ಅಲ್ಲಿಗೆ ಹಾಕಿ. ಷಾರ್ಲೆಟ್‌ನಲ್ಲಿ ಕೂತು ಎರಡೂ ಕ್ಯಾರೊಲೈನಾಗಳಲ್ಲಿ ಕೆಲಸ ಮಾಡಲಿರುವ ನಿಮಗೆ ಅಂಥ ಜಾಗಗಳು ಕೈಗೆಟುಕುವ ದೂರದಲ್ಲೇ ಇವೆ.

ಮೊದಲನೆಯದು ಅಡಿ. ಅಳತೆಯ ಅಡಿಯೇ. ಅಮೆರಿಕದಲ್ಲಿ ಎರಡು ಅಡಿಗಳಿವೆ. ಅಂತರರಾಷ್ಟ್ರೀಯ ಅಡಿ ಸರಿಯಾಗಿ 0.3048 ಮೀಟರ್. ಯುಎಸ್ ಸರ್ವೆ ಅಡಿ ಎಂದರೆ ಒಂದು ಮೀಟರಿನ 3937ರಲ್ಲಿ 1200 ಭಾಗ. ಇದು 1893ರ ಲೆಕ್ಕ. 1959ರಲ್ಲಿ ಅಂತರರಾಷ್ಟ್ರೀಯ ಅಡಿ ಬಂದಾಗ, ಹಳೆಯದನ್ನು ಸರ್ವೆ ಕೆಲಸಕ್ಕೆ ಮಾತ್ರ ಸ್ವಲ್ಪ ಕಾಲ ಇರಲಿ ಎಂದು ಉಳಿಸಿಕೊಂಡರು. ಆ ಸ್ವಲ್ಪ ಕಾಲ ಅರವತ್ತು ವರ್ಷ ದಾಟಿತು. ಕೊನೆಗೆ 2022ರ ಡಿಸೆಂಬರ್ 31ಕ್ಕೆ ಅಧಿಕೃತವಾಗಿ ಕೈಬಿಟ್ಟರು. ಎರಡರ ನಡುವಿನ ವ್ಯತ್ಯಾಸ ಹತ್ತು ಲಕ್ಷ ಅಡಿಗೆ ಎರಡು ಅಡಿ, ಅಷ್ಟೆ. ಇನ್ನೂರು ಅಡಿಯ ಸೈಟಿನಲ್ಲಿ ಇದು ಕೂದಲೆಳೆಯಷ್ಟೂ ಅಲ್ಲ.

ಆದರೆ ನೀವು ಕೊಡುವುದು ಬರೀ ಸೈಟಿನ ಉದ್ದಗಲವಲ್ಲ, ಸ್ಟೇಟ್ ಪ್ಲೇನ್ ಕೋಆರ್ಡಿನೇಟ್, ಅಂದರೆ ರಾಜ್ಯದ ಗ್ರಿಡ್ಡಿನಲ್ಲಿ ಬಿಂದು ಎಲ್ಲಿದೆ ಎಂದು ಹೇಳುವ ಸಂಖ್ಯೆಗಳು. ನ್ಯಾಡ್ 83 ಎಂಬ ಡೇಟಮ್‌ನ (ಸ್ಥಾನ ಅಳೆಯಲು ಹಿಡಿಯುವ ಮೂಲ ಚೌಕಟ್ಟು) ಲೆಕ್ಕದಲ್ಲಿ ನಾರ್ತ್ ಕ್ಯಾರೊಲೈನಾ ಹಿಡಿದದ್ದು ಸರ್ವೆ ಅಡಿ. ಗಡಿ ದಾಟಿದರೆ ಸೌತ್ ಕ್ಯಾರೊಲೈನಾ ಹಿಡಿದದ್ದು ಅಂತರರಾಷ್ಟ್ರೀಯ ಅಡಿ. ಎರಡು ರಾಜ್ಯಕ್ಕೂ ಪೂರ್ವದ ಕಡೆ ಕೊಟ್ಟ ಆರಂಭದ ಸಂಖ್ಯೆ 20 ಲಕ್ಷ ಅಡಿಯೇ. ಮೀಟರಿಗೆ ತಿರುಗಿಸಿದರೆ ನಾರ್ತ್‌ನಲ್ಲಿ 609,601.22, ಸೌತ್‌ನಲ್ಲಿ 609,600. ಷಾರ್ಲೆಟ್ ಊರೊಳಗಿನ ಒಂದು ಬಿಂದುವಿನ ಕೋಆರ್ಡಿನೇಟ್ ಹೆಚ್ಚುಕಡಿಮೆ ಪೂರ್ವಕ್ಕೆ 14,50,000, ಉತ್ತರಕ್ಕೆ 5,42,000 ಅಡಿ ಇರುತ್ತದೆ. ಆ ಫೈಲನ್ನು ತೆಗೆದುಕೊಂಡವನ ಸಾಫ್ಟ್‌ವೇರ್ ಅಂತರರಾಷ್ಟ್ರೀಯ ಅಡಿ ಎಂದು ಓದಿಕೊಂಡರೆ ಬಿಂದು ಪೂರ್ವ ಪಶ್ಚಿಮದಲ್ಲಿ 2.9 ಅಡಿ, ಉತ್ತರ ದಕ್ಷಿಣದಲ್ಲಿ 1.1 ಅಡಿ ಸರಿಯುತ್ತದೆ. ಒಟ್ಟಿನಲ್ಲಿ ಮೂರು ಅಡಿಯ ಮೇಲೆ. ನಮ್ಮ ಕಡೆ ಟಿಪ್ಪಣಿಯ (ಹಳೆಯ ಸರ್ವೆ ಅಳತೆಯ ದಾಖಲೆ) ಲೆಕ್ಕದಲ್ಲಿ 33 ಅಡಿಯ ಚೈನಿಗೆ 16 ಆಣೆಯಲ್ಲವೇ, ಹಾಗೆ ನೋಡಿದರೆ ಒಂದೂವರೆ ಆಣೆ. ಬೇಲಿ ಜಗಳಕ್ಕೆ ಇಷ್ಟು ಸಾಕು ಎಂದು ನಿಮ್ಮ ತಮ್ಮನಿಗೆ ಚೆನ್ನಾಗಿ ಗೊತ್ತಿರುತ್ತದೆ. ಕಷ್ಟವೇನೆಂದರೆ ಈ ತಪ್ಪಿನಲ್ಲಿ ಎಲ್ಲ ಬಿಂದುಗಳೂ ಒಟ್ಟಿಗೆ ಸರಿಯುತ್ತವೆ. ಒಂದರಿಂದ ಒಂದಕ್ಕೆ ಟೇಪು ಹಿಡಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಬೇರೆಯವರ ಕಂಟ್ರೋಲ್ ಪಾಯಿಂಟಿಗೆ (ಸ್ಥಾನ ಮೊದಲೇ ಖಚಿತವಾಗಿರುವ ಬಿಂದು) ಕಟ್ಟಿದ ದಿನವೇ ಬಣ್ಣ ಬಯಲಾಗುವುದು.

ಹಳೆಯ ಅಡಿಯನ್ನು ಕೈಬಿಟ್ಟಾಯಿತಲ್ಲ, ಇನ್ನೇನು ಎನ್ನಬೇಡಿ. ನಿಮ್ಮ ಆಫೀಸಿನ ಕಪಾಟಿನಲ್ಲಿ, ಕೌಂಟಿಯ ದಾಖಲೆಯಲ್ಲಿ ಇರುವ ನ್ಯಾಡ್ 83 ಕೆಲಸವೆಲ್ಲ ಸರ್ವೆ ಅಡಿಯದೇ. ಅದು ಎಲ್ಲೂ ಹೋಗುವುದಿಲ್ಲ.

ಇದರ ಬೆನ್ನಿಗೇ ಬರುತ್ತಿದೆ ಡೇಟಮ್ ಬದಲಾವಣೆ. ಅಮೆರಿಕದ ನ್ಯಾಷನಲ್ ಜಿಯೋಡೆಟಿಕ್ ಸರ್ವೆಯವರು (ಎನ್‌ಜಿಎಸ್) ನ್ಯಾಡ್ 83ನ್ನೂ, ಎತ್ತರಕ್ಕೆ ಬಳಸುವ ನ್ಯಾವ್‌ಡಿ 88ನ್ನೂ ತೆಗೆದು ಹೊಸ ಚೌಕಟ್ಟು ತರುತ್ತಿದ್ದಾರೆ. ಹೆಸರಿನಲ್ಲಿ 2022 ಅಂತಿದ್ದರೂ ಕೆಲಸ ಹೇಳಿದ ಕಾಲಕ್ಕೆ ಆಗಲಿಲ್ಲ, ಹಿಂದೆ ಬಿತ್ತು. ಕಾರಣ ಸರಳ. ನ್ಯಾಡ್ 83 ತನ್ನ ಕೇಂದ್ರವೆಂದು ಹಿಡಿದ ಬಿಂದು ಭೂಮಿಯ ನಿಜವಾದ ಕೇಂದ್ರದಿಂದ ಎರಡು ಮೀಟರಿಗೂ ಹೆಚ್ಚು ದೂರದಲ್ಲಿದೆ. ಜಿಪಿಎಸ್ ಇಲ್ಲದಿದ್ದ ಕಾಲದ ಅಳತೆಗಳ ಮೇಲೆ ಕಟ್ಟಿದ್ದು ಅದು. ನ್ಯಾವ್‌ಡಿ 88 ಅಂತೂ ಒಂದು ಸಮುದ್ರದಿಂದ ಇನ್ನೊಂದು ಸಮುದ್ರಕ್ಕೆ ಹೋಗುವಷ್ಟರಲ್ಲಿ ಸುಮಾರು ಒಂದು ಮೀಟರ್ ವಾಲಿಕೊಂಡಿದೆ. ಹೊಸದು ಬಂದಾಗ ಅಡ್ಡಡ್ಡ ಕೋಆರ್ಡಿನೇಟ್‌ಗಳೂ ಮೀಟರಿನ ಆಸುಪಾಸು ಸರಿಯುತ್ತವೆ. ಹೊಸ ಸ್ಟೇಟ್ ಪ್ಲೇನ್‌ನಲ್ಲಿ ಅಡಿ ಎಂದರೆ ಅಂತರರಾಷ್ಟ್ರೀಯ ಅಡಿ ಒಂದೇ.

ಇನ್ನು ಮೇಲೆ ಕೋಆರ್ಡಿನೇಟ್ ಜೊತೆ ಅದು ಯಾವ ದಿನಾಂಕದ್ದು ಎಂದೂ ಬರೆಯಬೇಕಾಗುತ್ತದೆ, ಏಕೆಂದರೆ ಭೂಫಲಕಗಳು ಜರುಗುತ್ತಲೇ ಇವೆ. ಡೇಟಮ್ ಯಾವುದು, ಯಾವ ದಿನಾಂಕಕ್ಕೆ, ಎತ್ತರಕ್ಕೆ ಯಾವ ಜಿಯಾಯ್ಡ್ (ಸಮುದ್ರಮಟ್ಟದ ಮಾದರಿ), ಅಡಿ ಯಾವುದು ಎಂಬ ನಾಲ್ಕು ಮಾತು ನಕ್ಷೆಯ ಟಿಪ್ಪಣಿಯಲ್ಲಿ ಇಲ್ಲದಿದ್ದರೆ ಹತ್ತು ವರ್ಷದ ನಂತರ ಅದನ್ನು ತೆಗೆದು ನೋಡುವವನು ನಿಮ್ಮನ್ನು ಬೈದುಕೊಳ್ಳುತ್ತಾನೆ. ಎನ್‌ಜಿಎಸ್‌ನವರು ವೆಬಿನಾರ್‌ಗಳನ್ನು ಉಚಿತವಾಗಿ ನಡೆಸುತ್ತಾರೆ. ರಾಲಿಯಲ್ಲಿರುವ ನಾರ್ತ್ ಕ್ಯಾರೊಲೈನಾ ಜಿಯೋಡೆಟಿಕ್ ಸರ್ವೆಯವರು ರಾಜ್ಯದ ರಿಯಲ್ ಟೈಮ್ ನೆಟ್‌ವರ್ಕ್ (ಜಿಪಿಎಸ್ ಅಳತೆಯನ್ನು ಆಗಿಂದಾಗಲೇ ತಿದ್ದಿಕೊಡುವ ಜಾಲ) ನೋಡಿಕೊಳ್ಳುವವರು, ಸರ್ವೇಯರ್‌ಗಳ ಸಭೆಗಳಲ್ಲಿ ಅವರು ಮಾತನಾಡುವುದಿದ್ದರೆ ತಪ್ಪಿಸಬೇಡಿ. ಮೊದಲ ವರ್ಷ ನಾಲ್ಕೈದು ಗಂಟೆ ಇದಕ್ಕೇ ಇಡಿ ಎಂಬುದು ನನ್ನ ಸಲಹೆ.

ಎರಡನೆಯದು ಗಡಿಯ ಕಾನೂನು. 15ರಲ್ಲಿ ದೊಡ್ಡ ಪಾಲು ಇದಕ್ಕೇ ಹೋಗಬೇಕು, ಅದರಲ್ಲೂ ಕರ್ನಾಟಕದಿಂದ ಬಂದವರಿಗೆ. ಯಾಕೆಂದರೆ ನಮ್ಮ ತಲೆಯಲ್ಲಿ ಕೂತಿರುವ ಕ್ರಮವೇ ಬೇರೆ. ನಮ್ಮಲ್ಲಿ ರೈತ ಬಂದು ನಿಲ್ಲುವುದು ಪಹಣಿ ಹಿಡಿದು. "ಎರಡು ಎಕರೆ ಹತ್ತು ಗುಂಟೆ ಅಂತಿದೆ ಸ್ವಾಮಿ, ಅಷ್ಟು ಅಳೆದು ಕೊಡಿ" ಅಂತಾನೆ. ಸರ್ವೇಯರ್ ಮನಸ್ಸಿನಲ್ಲೂ ಆಕಾರ್‌ಬಂದ್‌ನ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ) ವಿಸ್ತೀರ್ಣ ಗಟ್ಟಿಯಾಗಿ ಕೂತಿರುತ್ತದೆ. ಅಮೆರಿಕದ ಕೋರ್ಟುಗಳು ಕ್ರಯಪತ್ರವನ್ನು ಓದುವ ಕ್ರಮದಲ್ಲಿ ವಿಸ್ತೀರ್ಣ ಕಟ್ಟಕಡೆಗೆ. ಮೊದಲ ಸ್ಥಾನ ಹೊಳೆ, ಬಂಡೆ, ಮರದಂಥ ನೈಸರ್ಗಿಕ ಗುರುತುಗಳಿಗೆ. ಆಮೇಲೆ ನೆಟ್ಟ ಕಲ್ಲು, ಕಬ್ಬಿಣದ ಸರಳು, ಪಕ್ಕದವರ ಗೆರೆ. ಆಮೇಲೆ ದಿಕ್ಕು, ದೂರ. ಪತ್ರದಲ್ಲಿ ಐದು ಎಕರೆ ಎಂದಿದ್ದು, ನಿಜವಾದ ಗುರುತುಗಳ ನಡುವೆ ನಾಲ್ಕು ಮುಕ್ಕಾಲು ಇದ್ದರೆ, ಸಾಮಾನ್ಯವಾಗಿ ಅವನಿಗೆ ಇರುವುದು ನಾಲ್ಕು ಮುಕ್ಕಾಲೇ. ಅಳತೆ ಹೆಚ್ಚು ನಿಖರವಾಗಿದೆ ಎಂಬ ಒಂದೇ ಕಾರಣಕ್ಕೆ ಹಳೆಯ ಕಲ್ಲನ್ನು ಬದಿಗೆ ತಳ್ಳುವ ಹಕ್ಕು ನಿಮಗಿಲ್ಲ. ಒಳ್ಳೆಯ ಉಪಕರಣ ಕೈಗೆ ಬಂದ ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ನೀವಿರುವ ಊರಿನ ಕೆಳಗೇ ಹಾದುಹೋಗುವ ರಾಜ್ಯದ ಗಡಿಯ ಕಥೆ ಕೇಳಿದರೆ ಇದು ಮನಸ್ಸಿಗೆ ಹತ್ತುತ್ತದೆ. 1735ರಲ್ಲಿ ಎರಡು ಕ್ಯಾರೊಲೈನಾಗಳ ನಡುವೆ ಗೆರೆ ಎಳೆಯಲು ಶುರುಮಾಡಿದರು. ಸಮುದ್ರದ ದಡದಿಂದ ವಾಯವ್ಯಕ್ಕೆ ಹೋಗಿ, 35ನೇ ಅಕ್ಷಾಂಶ ಮುಟ್ಟಿದ ಮೇಲೆ ನೇರ ಪಶ್ಚಿಮಕ್ಕೆ ತಿರುಗಬೇಕು ಎಂಬುದು ಮಾತು. 1737ರಲ್ಲಿ ಕೆಲಸ ನಿಂತಾಗ ಒಂದು ಗೂಟ ಹೊಡೆದು ಬಂದರು. ಆ ಗೂಟ 35ನೇ ಅಕ್ಷಾಂಶಕ್ಕೆ ಸುಮಾರು 11 ಮೈಲಿ ದಕ್ಷಿಣಕ್ಕೇ ಉಳಿದುಬಿಟ್ಟಿತ್ತು. 1764ರಲ್ಲಿ ಮುಂದುವರಿಸಿದವರು ಅದೇ ಗೂಟದಿಂದ ಪಶ್ಚಿಮಕ್ಕೆ ಗೆರೆ ಎಳೆದರು. ತಪ್ಪು ಗೊತ್ತಾದ ಮೇಲೆ, ಸೌತ್ ಕ್ಯಾರೊಲೈನಾಗೆ ಆದ ನಷ್ಟ ತುಂಬಿಕೊಡಲು 1772ರಲ್ಲಿ ಕಟಾಬಾ ನದಿಯ ಆಚೆಗೆ ಗೆರೆಯನ್ನು ಉತ್ತರಕ್ಕೆ ಎತ್ತಿ ಎಳೆದರು. ಷಾರ್ಲೆಟ್ ಹತ್ತಿರ ಗಡಿ ಹಾಗೆ ಸೊಟ್ಟಸೊಟ್ಟಾಗಿ ಮೆಟ್ಟಿಲಂತೆ ಇರುವುದಕ್ಕೆ ಇದೇ ಮೂಲ.

ಆದರೆ 35ನೇ ಅಕ್ಷಾಂಶ ಎಲ್ಲಿದೆ ಎಂದು ಇವತ್ತು ಜಿಪಿಎಸ್ ಹಿಡಿದು ಯಾರೂ ಗಡಿ ತಿದ್ದಲಿಲ್ಲ. 1990ರ ದಶಕದ ನಡುವಿನಲ್ಲಿ ಎರಡೂ ರಾಜ್ಯಗಳು ಸೇರಿ ಮರುಸರ್ವೆ ಶುರುಮಾಡಿದಾಗ ಹುಡುಕಿದ್ದು ಬೇರೆ: ಆ ಕಾಲದವರು ನೆಲದ ಮೇಲೆ ನಿಜವಾಗಿ ಎಲ್ಲಿ ನಡೆದರು, ಯಾವ ಮರಕ್ಕೆ ಕಚ್ಚು ಹಾಕಿದರು ಎಂಬುದನ್ನು. ಮರಗಳು ಎಂದೋ ಬಿದ್ದುಹೋಗಿದ್ದವು. ಆದ್ದರಿಂದ ಆ ಮರಗಳನ್ನು ಹೆಸರಿಸಿದ ಹಳೆಯ ಜಮೀನು ಪತ್ರಗಳನ್ನು ಹಿಡಿದು, ಒಂದೊಂದನ್ನೇ ಜೋಡಿಸಿ ಗೆರೆ ಹುಡುಕಿದರು. ಎರಡು ದಶಕ ಹಿಡಿಯಿತು. 2017ರ ಜನವರಿ 1ರಿಂದ ಅದು ಜಾರಿಗೆ ಬಂದಾಗ 19 ಮನೆಗಳು ಕೂತಲ್ಲೇ ರಾಜ್ಯ ಬದಲಿಸಿದವು. ಲೇಕ್ ವೈಲಿ ಹತ್ತಿರದ ಒಂದು ಪೆಟ್ರೋಲ್ ಬಂಕ್ ಸೌತ್‌ನಿಂದ ನಾರ್ತ್‌ಗೆ ಬಂತು, ತೆರಿಗೆಯೂ ಬದಲಾಯಿತು. ತಪ್ಪಾಗಿದ್ದರೂ ಮೊದಲು ನೆಲದ ಮೇಲೆ ಗುರುತಿಸಿದ ಗೆರೆಯೇ ಗೆರೆ. ನಿಮ್ಮ ಕಾಲೆಕರೆ ಸೈಟಿಗೂ ಇದೇ ನ್ಯಾಯ. ಇನ್ನೊಂದು, ಹಳೆಯ ಪತ್ರಗಳಲ್ಲಿ "ಪೋಲ್" ಎಂಬ ಅಳತೆ ಸಿಗುತ್ತದೆ, 16.5 ಅಡಿ. ಎರಡು ಪೋಲ್ ಸೇರಿದರೆ ಸರಿಯಾಗಿ ನಮ್ಮ 33 ಅಡಿಯ ಚೈನು. ಇದೊಂದು ನಿಮಗೆ ಹುಟ್ಟಿನಿಂದಲೇ ಬಂದ ಅನುಕೂಲ.

ಗಡಿಯ ಪಾಠದೊಳಗೇ ಹೊಳೆಯ ಪಾಠವನ್ನು ಬೇರೆಯಾಗಿ ಕಲಿಯಿರಿ. 2024ರ ಸೆಪ್ಟೆಂಬರ್ ಕೊನೆಗೆ ಹೆಲೀನ್ ಚಂಡಮಾರುತ ಬಂದಾಗ ರಾಜ್ಯದ ಪಶ್ಚಿಮದ ಗುಡ್ಡಗಾಡಿನಲ್ಲಿ ಏನಾಯಿತು ಎಂದು ಹೇಳಬೇಕಿಲ್ಲ. ಚಿಮ್ನಿ ರಾಕ್ ಕಡೆ ಹೊಳೆ ಹಳೆಯ ಪಾತ್ರ ಬಿಟ್ಟು ಮನೆ ಅಂಗಡಿಗಳಿದ್ದ ಕಡೆ ನುಗ್ಗಿತು. ಅಂಥ ಜಾಗದ ಕ್ರಯಪತ್ರದಲ್ಲಿ "ಹೊಳೆಯ ಗುಂಟ" ಎಂದು ಗಡಿ ಬರೆದಿದ್ದರೆ, ಈಗ ಗಡಿ ಎಲ್ಲಿ? ಹೊಳೆ ವರ್ಷಾನುವರ್ಷ ಸದ್ದಿಲ್ಲದೆ ಮಣ್ಣು ತಂದು ಹಾಕುತ್ತಾ, ಕೊರೆಯುತ್ತಾ ಜರುಗಿದರೆ ಗಡಿಯೂ ಅದರ ಜೊತೆ ಜರುಗುತ್ತದೆ. ಒಂದೇ ಪ್ರವಾಹದಲ್ಲಿ ದಿಢೀರನೆ ಹಾರಿ ಬೇರೆ ಕಡೆ ಹರಿದರೆ ಗಡಿ ಹಳೆಯ ಪಾತ್ರದಲ್ಲೇ ನಿಲ್ಲುತ್ತದೆ, ಅಲ್ಲಿ ಈಗ ಒಣಗಿದ ಕಲ್ಲು ಮಾತ್ರ ಇದ್ದರೂ. ಓದಲು ಇಷ್ಟೇ. ಆದರೆ ಹತ್ತು ವರ್ಷ ನಿಧಾನವಾಗಿ ಕೊರೆದು, ಹನ್ನೊಂದನೇ ವರ್ಷ ಪ್ರವಾಹದಲ್ಲಿ ಹಾರಿದ ಹೊಳೆಯ ಮುಂದೆ ನಿಂತಾಗ, ಹಾರುವ ಮುಂಚೆ ಅದು ಎಲ್ಲಿತ್ತು ಎಂದು ಹಳೆಯ ವೈಮಾನಿಕ ಚಿತ್ರ, ಲೈಡಾರ್ (ಲೇಸರ್‌ನಿಂದ ಮಾಡಿದ ನೆಲದ ಅಳತೆ), ಪಕ್ಕದವರ ನಕ್ಷೆ ಎಲ್ಲವನ್ನೂ ಕೂಡಿಸಿ ಹೇಳಬೇಕು. ಇಂಥದ್ದರ ಮೇಲೆ ಮೂರು ಗಂಟೆಯ ತರಗತಿ ಸಿಕ್ಕರೆ, ರಾಜ್ಯದ ಇನ್ನೊಂದು ತುದಿಗೆ ಹೋಗಬೇಕಾದರೂ ಹೋಗಿ.

ಮಿಕ್ಕವನ್ನು ಬೇಗ ಹೇಳಿಬಿಡುತ್ತೇನೆ. ಜನರಲ್ ಸ್ಟ್ಯಾಚ್ಯೂಟ್ಸ್ 47-30, ಅಂದರೆ ನಕ್ಷೆ ನೋಂದಣಿಯ ಕಾಯ್ದೆ, ಮತ್ತು ಬೋರ್ಡಿನ ಸ್ಟ್ಯಾಂಡರ್ಡ್ಸ್ ಆಫ್ ಪ್ರಾಕ್ಟೀಸ್ ಬಗ್ಗೆ ವರ್ಷಕ್ಕೊಮ್ಮೆಯಾದರೂ ಒಂದು ತರಗತಿ ಕೂತುಕೊಳ್ಳಿ. ವೃತ್ತಿನೀತಿಗೆ ಒಂದು ಗಂಟೆ ತೆಗೆದಿಡಿ. ರಾಷ್ಟ್ರಮಟ್ಟದ ಮಾದರಿ ನಿಯಮ ಮಾಡುವ ಎನ್‌ಸಿಇಇಎಸ್ ಕೂಡ 15ರಲ್ಲಿ ಕನಿಷ್ಠ ಒಂದು ಗಂಟೆ ಅದಕ್ಕಿರಲಿ ಎನ್ನುತ್ತದೆ. ನೀತಿಯ ಪಾಠ ಎಂದರೆ ಆಕಳಿಕೆ ಬರುವುದು ನಿಜ. ಬೋರ್ಡ್ ಶಿಸ್ತುಕ್ರಮ ಕೈಗೊಂಡ ನಿಜವಾದ ಪ್ರಕರಣಗಳನ್ನು ಇಟ್ಟುಕೊಂಡು ಪಾಠ ಮಾಡುವವರನ್ನು ಹುಡುಕಿ, ನಿದ್ದೆ ಹಾರಿಹೋಗುತ್ತದೆ. ನಾರ್ತ್ ಕ್ಯಾರೊಲೈನಾ ಸೊಸೈಟಿ ಆಫ್ ಸರ್ವೇಯರ್ಸ್‌ನ ವಾರ್ಷಿಕ ಸಮ್ಮೇಳನ, ಅದರ ಚಾಪ್ಟರ್‌ಗಳ ಸಂಜೆ ಸಭೆಗಳು ನನ್ನ ಮಟ್ಟಿಗೆ ಯಾವ ಆನ್‌ಲೈನ್ ಕೋರ್ಸಿಗಿಂತಲೂ ಮೇಲು. ಪಾಠ ಒಂದು ಗಂಟೆಯದಾದರೂ ಆಮೇಲೆ ಕಾಫಿ ಹಿಡಿದು ನಿಂತಾಗ ಆ ಕೌಂಟಿಯ ಯಾವ ಕಾಲದ ಯಾವ ಸರ್ವೇಯರ್ ಯಾವ ಬಗೆಯ ಪೈಪ್ ನೆಡುತ್ತಿದ್ದ ಎಂಬ ಮಾಹಿತಿ ಸಿಗುತ್ತದೆ. ಅದು ಯಾವ ಪುಸ್ತಕದಲ್ಲೂ ಇಲ್ಲ.

ಡ್ರೋನ್ ಕೋರ್ಸಿಗೆ ಬರೋಣ. ಭಾರತದಲ್ಲಿ ಮಾಡಿದ್ದು ಎಂಬ ಕಾರಣಕ್ಕೇ ಅದು ಬಿದ್ದುಹೋಗುವುದಿಲ್ಲ. ಬೋರ್ಡ್ ನೋಡುವುದು ಅದು ನಿಮ್ಮ ಸರ್ವೆ ಕೆಲಸದ ಅರಿವನ್ನು ಹೆಚ್ಚಿಸುತ್ತದೆಯೇ ಎಂಬುದನ್ನು. ಕೊನೆಯ ಮಾತು ಅವರದೇ. ಆದ್ದರಿಂದ ಕೋರ್ಸಿನಲ್ಲಿ ಏನಿದೆ ಎಂದು ಮೊದಲೇ ನೋಡಿ. ಗ್ರೌಂಡ್ ಕಂಟ್ರೋಲ್ (ನೆಲದ ಮೇಲೆ ಅಳೆದಿಟ್ಟ ಗುರುತು) ಎಲ್ಲೆಲ್ಲಿ ಇಡಬೇಕು, ಚಿತ್ರಗಳಿಂದ ಅಳತೆ ಹೇಗೆ ಬರುತ್ತದೆ, ನಿಖರತೆಯನ್ನು ಹೇಗೆ ಪರೀಕ್ಷಿಸಬೇಕು ಎಂಬ ಪಾಠಗಳಿದ್ದರೆ ಧೈರ್ಯವಾಗಿ ಹಾಕಿ. ಹಾರಿಸುವುದು, ಇಳಿಸುವುದು, ಬ್ಯಾಟರಿ ನೋಡಿಕೊಳ್ಳುವುದು ಇಷ್ಟೇ ಆದರೆ ಅದು ಪೈಲಟ್ ತರಬೇತಿ, ಸರ್ವೆ ಅಲ್ಲ. ಭಾರತದ ವಿಮಾನಯಾನ ನಿರ್ದೇಶನಾಲಯ (ಡಿಜಿಸಿಎ) ಕೊಡುವ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಇಟ್ಟುಕೊಂಡು ಇಲ್ಲಿ ಹಾರಿಸಲು ಬರುವುದೂ ಇಲ್ಲ. ಇಲ್ಲಿ ಕೆಲಸಕ್ಕಾಗಿ ಹಾರಿಸಬೇಕಾದರೆ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎಯ ಪಾರ್ಟ್ 107 ಸರ್ಟಿಫಿಕೇಟ್ ಬೇರೆಯೇ ಬೇಕು, ಅದರ ಮರುತರಬೇತಿ 24 ತಿಂಗಳಿಗೊಮ್ಮೆ. ಅದು ಎಫ್‌ಎಎ ಲೆಕ್ಕ, ಇದು ಬೋರ್ಡ್ ಲೆಕ್ಕ. ಊರಿನ ಕೋರ್ಸ್ ಮಾಡುವುದಾದರೆ ಗಂಟೆಗಳು, ದಿನಾಂಕ, ಪಾಠಪಟ್ಟಿ, ಕಲಿಸಿದವರ ಹೆಸರು ಮತ್ತು ವಿದ್ಯಾರ್ಹತೆ ಇರುವ ಪತ್ರವನ್ನು ಇಂಗ್ಲಿಷಿನಲ್ಲಿ ಅಲ್ಲೇ ಬರೆಸಿಕೊಂಡು ವಿಮಾನ ಹತ್ತಿ. ಆರು ತಿಂಗಳ ಮೇಲೆ ಇಲ್ಲಿಂದ ಇಮೇಲ್ ಮಾಡಿದರೆ ಉತ್ತರ ಬರುವುದು ದೈವಕ್ಕೆ ಬಿಟ್ಟದ್ದು.

ಸೌತ್ ಕ್ಯಾರೊಲೈನಾ ಬೇರೆ ಬೋರ್ಡ್, ಬೇರೆ ನಿಯಮ, ರಿನ್ಯೂವಲ್ ಎರಡು ವರ್ಷಕ್ಕೊಮ್ಮೆ. ಒಂದೇ ತರಗತಿಯ ಗಂಟೆಯನ್ನು ಎರಡೂ ಕಡೆ ತೋರಿಸಬಹುದು, ಅದರಲ್ಲಿ ಮೋಸವಿಲ್ಲ. ಎಚ್ಚರ ಬೇಕಾದದ್ದು ಅವಧಿಯಲ್ಲಿ. ಇಲ್ಲಿ ಜನವರಿಯಿಂದ ಡಿಸೆಂಬರ್, ಅಲ್ಲಿನದು ಬೇರೆ ಸುತ್ತು. ಹೋದ ವರ್ಷ ನಾರ್ತ್‌ಗೆ ಹಾಕಿದ್ದು ಸೌತ್‌ನ ಯಾವ ಅವಧಿಗೆ ಬೀಳುತ್ತದೆ ಎಂದು ಒಂದೊಂದನ್ನೂ ನೋಡಬೇಕು. ಮುಂದೆ ಬೇರೆ ರಾಜ್ಯಗಳ ಆಸೆ ಇದ್ದರೆ ಅಲ್ಲಿಯೂ ಲೆಕ್ಕ ಒಂದೇ ಥರ ಇಲ್ಲ. ಫ್ಲಾರಿಡಾದಲ್ಲಿ ಎರಡು ವರ್ಷಕ್ಕೆ 24, ನ್ಯೂಯಾರ್ಕ್‌ನಲ್ಲಿ ಮೂರು ವರ್ಷಕ್ಕೆ 24, ಟೆಕ್ಸಸ್‌ನಲ್ಲಿ ವರ್ಷಕ್ಕೆ 12, ಅದರಲ್ಲಿ 3 ನೀತಿ ನಿಯಮಕ್ಕೆ. ಕ್ಯಾಲಿಫೋರ್ನಿಯಾ ಗಂಟೆಗಳನ್ನೇ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದ ಸರ್ವೇಯರ್‌ಗಳು ಉಳಿದವರಿಗಿಂತ ದಡ್ಡರು ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ, ಹಾಗಾಗಿ ಈ ಗಂಟೆಗಳ ವ್ಯವಸ್ಥೆಯೇ ಸರ್ವೇಯರ್‌ನನ್ನು ಕಾಯುತ್ತದೆ ಎಂಬ ಭ್ರಮೆ ನನಗೂ ಇಲ್ಲ. ಗಂಟೆ ಕಡ್ಡಾಯವಾಗಿ ಕಳೆಯಲೇಬೇಕು ಎಂದ ಮೇಲೆ ಒಳ್ಳೆಯ ಕಡೆ ಕಳೆಯಿರಿ ಎನ್ನುತ್ತಿದ್ದೇನೆ, ಅಷ್ಟೆ. ಮುಂದೆ ಪಿಇ (ಪ್ರೊಫೆಷನಲ್ ಎಂಜಿನಿಯರ್) ಕೂಡ ಆದರೆ, ನಾರ್ತ್‌ನಲ್ಲಿ 15 ಗಂಟೆ 30 ಆಗುವುದಿಲ್ಲ. 15ರಲ್ಲೇ ಎರಡೂ ವೃತ್ತಿಗೆ ಕನಿಷ್ಠ ಮೂರನೇ ಒಂದು ಪಾಲು ಇರಬೇಕು.

ಇನ್ನು ನಿಮ್ಮ ತಮ್ಮನ ವಿಚಾರ. ಅವರಿಗೆ ಈ ಗಂಟೆ ಲೆಕ್ಕ ಇಲ್ಲದಿರುವುದು ನಿಜ, ಆದರೆ ಅವರ ಕೆಲಸ ನಿಂತಿರುವ ನೆಲೆಯೇ ಬೇರೆ. ಅವರಿಗೆ ಪರವಾನಗಿ ಕೊಟ್ಟಿರುವುದು ಸರ್ಕಾರದ ಭೂಮಾಪನ ವ್ಯವಸ್ಥೆ. ಅರ್ಜಿ ಮೋಜಿಣಿ ಎಂಬ ಸರ್ಕಾರಿ ತಂತ್ರಾಂಶದಲ್ಲಿ ಬರುತ್ತದೆ, ಟಿಪ್ಪಣಿ, ಆಕಾರ್‌ಬಂದ್ ಇಲಾಖೆಯದು. ಅವರು ಅಳೆದು ಮಾಡಿದ 11ಇ ನಕ್ಷೆಯನ್ನು (ಜಮೀನಿನ ಭಾಗ ಮಾರುವ ಮುನ್ನ ಬೇಕಾದದ್ದು) ಸರ್ಕಾರಿ ಮೇಲ್ವಿಚಾರಕರು ಪರಿಶೀಲಿಸಿ, ಎಡಿಎಲ್‌ಆರ್ (ಭೂದಾಖಲೆಗಳ ಸಹಾಯಕ ನಿರ್ದೇಶಕರು) ಕಚೇರಿಯಿಂದ ಅನುಮೋದನೆಯಾಗಬೇಕು. ಹೊಸ ಪದ್ಧತಿ ಬಂದರೆ ತರಬೇತಿಯೂ ಇಲಾಖೆಯಿಂದಲೇ. ಚೈನಿನಿಂದ ಟೋಟಲ್ ಸ್ಟೇಷನ್, ಅಲ್ಲಿಂದ ರೋವರ್ ಎಂದು ಅವರೂ ಕಲಿಯುತ್ತಲೇ ಬಂದಿದ್ದಾರೆ, ಯಾರೂ ಗಂಟೆ ಎಣಿಸಲಿಲ್ಲ ಅಷ್ಟೆ. ನಿಮ್ಮ ಕೆಲಸಕ್ಕೆ ಮೇಲೆ ನೋಡುವವರು ಯಾರು? ಕೌಂಟಿಯ ರಿವ್ಯೂ ಆಫೀಸರ್ ನಿಮ್ಮ ನಕ್ಷೆಯಲ್ಲಿ ಉತ್ತರ ದಿಕ್ಕಿನ ಬಾಣ ಇದೆಯೇ, ಸ್ಕೇಲ್ ಇದೆಯೇ, ಕಾಯ್ದೆ ಕೇಳುವ ಷರಾ ಇದೆಯೇ ಎಂದು ನೋಡಿ ರಿಜಿಸ್ಟರ್ ಆಫ್ ಡೀಡ್ಸ್‌ಗೆ ಬಿಡುತ್ತಾರೆ. ಮೂಲೆ ಸರಿಯಾಗಿ ಹಿಡಿದಿದ್ದೀರಾ ಎಂದು ಅವರು ನೋಡುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ಸೀಲು ನಿಮ್ಮದು, ಹೊಣೆ ನಿಮ್ಮೊಬ್ಬರದೇ. ಪರಿಶೀಲಿಸುವ ಇಲಾಖೆ ಇಲ್ಲದ ಕಡೆ ಸರ್ಕಾರ ಆ ವ್ಯಕ್ತಿಯಾದರೂ ಓದಿಕೊಂಡಿರಲಿ ಎಂದು ಕೇಳುತ್ತದೆ.

ಕಡೆಯದಾಗಿ ದಾಖಲೆ. ರಿನ್ಯೂವಲ್ ಮಾಡುವಾಗ ಸರ್ಟಿಫಿಕೇಟ್ ಕೇಳುವುದಿಲ್ಲ, ಮಾಡಿದ್ದೇನೆ ಎಂದು ಒಪ್ಪಿಕೊಂಡರೆ ಸಾಕು. ಆಮೇಲೆ ಬೋರ್ಡ್ ಕೆಲವರನ್ನು ಆರಿಸಿ ಆಡಿಟ್ ಮಾಡುತ್ತದೆ. ಆಗ ಬೇಕಾದದ್ದು ಎರಡು: ನೀವು ಬರೆದುಕೊಂಡ ಲಾಗ್, ಅದಕ್ಕೆ ಸಾಕ್ಷಿ. ಲಾಗ್‌ನ ಒಂದು ಸಾಲು ಹೀಗಿರಲಿ: ದಿನಾಂಕ, "ಹೊಳೆ ಗಡಿಯ ಕಾನೂನು, ತರಗತಿ", ನಡೆಸಿದ ಸಂಸ್ಥೆ, ಊರು, ಕಲಿಸಿದವರ ಹೆಸರು, 3 ಪಿಡಿಎಚ್. "ಸೆಮಿನಾರ್, 3 ಗಂಟೆ" ಎಂದಷ್ಟೇ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ, ಎರಡು ವರ್ಷದ ಮೇಲೆ ನಿಮಗೂ. ಎನ್‌ಸಿಇಇಎಸ್‌ನ ನಿಮ್ಮ ಖಾತೆಯಲ್ಲೇ ಗಂಟೆಗಳ ಲೆಕ್ಕ ಇಡುವ ಸಿಪಿಸಿ ಟ್ರ್ಯಾಕಿಂಗ್ ಎಂಬುದಿದೆ, ಉಚಿತ. ಪರೀಕ್ಷೆ ಬರೆದ ಖಾತೆಯೇ ಸಾಕು. ತರಗತಿ ಮುಗಿಸಿ ಕಾರಿಗೆ ಬಂದು ಕೂತ ಮೇಲೆ ಸರ್ಟಿಫಿಕೇಟ್‌ನ ಫೋಟೋ ತೆಗೆದು ಅಲ್ಲೇ ಹಾಕಿ. ಎರಡು ರಾಜ್ಯದ ಲೈಸೆನ್ಸ್ ಇರುವವರಿಗೆ ಯಾವ ಗಂಟೆ ಯಾವ ರಾಜ್ಯದ ಯಾವ ಅವಧಿಗೆ ಎಂದು ಅದರಲ್ಲೇ ನೋಡಬಹುದು. ವಿನಾಯಿತಿ ಇರುವ ಈ ವರ್ಷ ನೀವು ಹೋಗಿಬಂದ ತರಗತಿಗಳನ್ನೂ ಬಿಡದೆ ಹಾಕಿಡಿ. ಸೌತ್‌ನ ಅರ್ಜಿ ಹಾಕುವ ಮುನ್ನ ಅಲ್ಲಿನ ಬೋರ್ಡಿಗೆ ಒಂದು ಇಮೇಲ್ ಬರೆದು, ಹೊಸದಾಗಿ ಬಂದವರಿಗೆ ಮೊದಲ ಅವಧಿಯ ನಿಯಮ ಏನು ಎಂದು ಬರವಣಿಗೆಯಲ್ಲಿ ಉತ್ತರ ತರಿಸಿಕೊಂಡು ಅದೇ ಕಡತದಲ್ಲಿ ಇಡಿ.